ವರ್ಚುವಲ್ ರೂಟರ್ 3 ಜಿಬಿಪಿಎಸ್‌ಗೇ ಸುಸ್ತು: ಸ್ಮಾರ್ಟ್‌ನಿಕ್ ತಗೊಳ್ಲಾ?

ಗೋಣಿಕೊಪ್ಪ ಕೇಬಲ್:
ನಮ್ಮದು ಸಣ್ಣ ಫೈಬರ್ ನೆಟ್. ಕೇಬಲ್ ಟಿವಿ ಕಾಲದ ಗಿರಾಕಿಗಳು, ಪೊನ್ನಂಪೇಟೆ ಕಡೆ ಒಂದಷ್ಟು ಹೋಂಸ್ಟೇ. ಪ್ರಾಕ್ಸ್‌ಮಾಕ್ಸ್ (ಒಂದೇ ಸರ್ವರ್‌ನಲ್ಲಿ ಹಲವು ವರ್ಚುವಲ್ ಮಷಿನ್ ಓಡಿಸೋ ಸಾಫ್ಟ್‌ವೇರ್) ಮೇಲೆ ಒಂದೇ ಲಿನಕ್ಸ್ ವಿಎಂ, ಅಂದ್ರೆ ವರ್ಚುವಲ್ ಮಷಿನ್, ಅದೇ ರೂಟರ್. ಪಿಪಿಪಿಒಇ (ಗಿರಾಕಿಗಳ ಲಾಗಿನ್), ನ್ಯಾಟ್ (ಹೊರಗಿನ ಒಂದು ಐಪಿ ಹಲವರಿಗೆ ಹಂಚೋದು) ಎರಡೂ ಅದರಲ್ಲೇ. ಕಾರ್ಡ್ ಇಂಟೆಲ್ ಎಕ್ಸ್520, 10 ಜಿ. ರಾತ್ರಿ ಎಂಟಾಯ್ತು ಅಂದ್ರೆ 3 ಜಿಬಿಪಿಎಸ್ ಹತ್ರ ನಿಂತುಬಿಡುತ್ತೆ, ಫೋನ್ ಮೇಲೆ ಫೋನ್. ಹೋಸ್ಟ್‌ನಲ್ಲಿ, ಅಂದ್ರೆ ಆ ಸರ್ವರ್‌ನಲ್ಲೇ, ಟಾಪ್ ಹಾಕಿ ನೋಡಿದ್ರೆ ವಿಎಂಗೆ ಪ್ಯಾಕೆಟ್ ಸಾಗಿಸೋ ವಿಹೋಸ್ಟ್ ಥ್ರೆಡ್ ಒಂದೇ 100%, ಉಳಿದ ಕೋರ್‌ಗಳು ಆರಾಮ. ಬೆಂಗಳೂರಿನ ಡೀಲರ್ ಸ್ಮಾರ್ಟ್‌ನಿಕ್ (ಪ್ಯಾಕೆಟ್ ಕೆಲಸ ತಾನೇ ಮಾಡೋ ನೆಟ್‌ವರ್ಕ್ ಕಾರ್ಡ್) ಹಾಕಿಸಿ ಅಂತಾರೆ. ರೇಟ್ ಕೇಳಿದ್ರೆ ಈ ವರ್ಷದ ಕರಿಮೆಣಸೆಲ್ಲ ಅಲ್ಲಿಗೇ. ಹಾಕ್ಸಬಹುದಾ?

ಕುಶಾಲನಗರ ಅಡ್ಮಿನ್:
ಬೇಡ ಅಣ್ಣ, ಮೆಣಸು ಉಳಿಸ್ಕೊಳ್ಳಿ. ಮೊದಲು ವಿಎಂನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಮಲ್ಟಿಕ್ಯೂ (ಟ್ರಾಫಿಕ್‌ನ ಹಲವು ಕ್ಯೂಗಳಿಗೆ ಹಂಚೋದು) ನೋಡಿ, ಖಾಲಿ ಇರುತ್ತೆ. ವಿಎಂಗೆ ಎಷ್ಟು ಕೋರ್ ಕೊಟ್ಟಿದ್ದೀರೋ ಅಷ್ಟು ಹಾಕಿ. ಕಾಸು ಖರ್ಚಿಲ್ಲ.

ಆಮೇಲೂ ಸಾಲದಿದ್ರೆ, ನಿಮ್ಮ ಎಕ್ಸ್520ಗೇ ಎಸ್‌ಆರ್-ಐಒವಿ ಬರುತ್ತೆ. ಕಾರ್ಡ್ ತನ್ನನ್ನೇ ಹಲವು ವರ್ಚುವಲ್ ಫಂಕ್ಷನ್ ಮಾಡ್ಕೊಂಡು ಒಂದೊಂದನ್ನ ನೇರ ವಿಎಂಗೆ ಕೊಡುತ್ತೆ. ಪ್ಯಾಕೆಟ್ ಸೀದಾ ವಿಎಂನ ಮೆಮೊರಿಗೆ ಬೀಳುತ್ತೆ, ಹೋಸ್ಟ್‌ನ ಬ್ರಿಡ್ಜ್, ವಿಹೋಸ್ಟ್ ಎರಡೂ ದಾರಿಯಲ್ಲೇ ಇರಲ್ಲ. ಬಯೋಸ್‌ನಲ್ಲಿ ವಿಟಿ-ಡಿ (ಕಾರ್ಡ್‌ನ ನೇರ ವಿಎಂಗೆ ಕೊಡೋಕೆ ಬೇಕಾದ ಸೌಲಭ್ಯ) ಆನ್ ಇರಬೇಕು. 10 ಜಿ ತುಂಬ 64 ಬೈಟ್ ಪ್ಯಾಕೆಟ್‌ಗಳೇ ಬಂದ್ರೆ ಸೆಕೆಂಡಿಗೆ 1.48 ಕೋಟಿ, ಅಂದ್ರೆ ಒಂದಕ್ಕೆ ಸಿಗೋದು 67 ನ್ಯಾನೊಸೆಕೆಂಡ್. ಅಷ್ಟರೊಳಗೆ ಹೋಸ್ಟ್ ಕಾಪಿ ಮಾಡ್ತಾ ಕೂತ್ರೆ ಆಗುತ್ತಾ?

ನಾಪೋಕ್ಲು ನೆಟ್:
ಅವರು ಹೇಳಿದ್ದು ಸರಿ, ಆದ್ರೆ ಪಿಪಿಪಿಒಇ ಮರೆತ್ರು. ಎಕ್ಸ್520 ಟ್ರಾಫಿಕ್ ಹಂಚೋದು ಐಪಿ ಅಡ್ರೆಸ್, ಪೋರ್ಟ್ ನೋಡಿ. ಪಿಪಿಪಿಒಇ ಹೊದಿಕೆಯೊಳಗಿನ ಐಪಿ ಅದಕ್ಕೆ ಕಾಣಲ್ಲ, ಗಿರಾಕಿ ಕಡೆಯಿಂದ ಬರೋದೆಲ್ಲ ಒಂದೇ ಕ್ಯೂಗೆ. ಎಸ್‌ಆರ್-ಐಒವಿ ಹಾಕಿದ್ರೂ ಆಗ ವಿಎಂ ಒಳಗೆ ಒಂದು ಕೋರ್ ಬೆವರುತ್ತೆ. ಆರ್‌ಪಿಎಸ್ ಆನ್ ಮಾಡಿ, ಲಿನಕ್ಸ್ ಕರ್ನಲ್‌ಗೆ ಒಳಗಿನ ಐಪಿ ಓದೋಕೆ ಬರುತ್ತೆ, ಅದೇ ಬೇರೆ ಕೋರ್‌ಗಳಿಗೆ ಹಂಚುತ್ತೆ. ಕಾರ್ಡ್ ತಗೊಳ್ಳೋದೇ ಆದ್ರೆ ಇಂಟೆಲ್ ಇ810 ವಿಚಾರಿಸಿ. ಟೆಲಿಕಾಂಗೆ ಅಂತಲೇ ಇರೋ ಡಿಡಿಪಿ ಪ್ಯಾಕೇಜ್ (ಕಾರ್ಡ್‌ಗೆ ಹೊಸ ಪ್ರೊಟೊಕಾಲ್ ಕಲಿಸೋ ಫೈಲ್) ಹಾಕಿದ್ರೆ ಪಿಪಿಪಿಒಇ ಅದಕ್ಕೇ ಅರ್ಥ ಆಗುತ್ತೆ. ಡಿಪಿಡಿಕೆ (ಕರ್ನಲ್ ಬಿಟ್ಟು ಪ್ಯಾಕೆಟ್ ನೋಡ್ಕೊಳ್ಳೋ ಸಾಫ್ಟ್‌ವೇರ್) ಅಂತ ಯಾರಾದ್ರೂ ಹೇಳಿದ್ರೆ ನೆನಪಿರಲಿ: ಅದು ಪ್ಯಾಕೆಟ್ ಇಲ್ಲದಿದ್ರೂ ಕೋರ್‌ನ ಸುಮ್ಮನೆ ಸುತ್ತಿಸ್ತಿರುತ್ತೆ. ಜುಲೈ ಮಳೇಲಿ ಕರೆಂಟ್ ಹೋಗಿ ಯುಪಿಎಸ್ ಮೇಲೆ ನಿಂತಾಗ ಬ್ಯಾಟರಿ ಯಾರಪ್ಪಂದು?

ಗೋಣಿಕೊಪ್ಪ ಕೇಬಲ್:
ಮಲ್ಟಿಕ್ಯೂ ಖಾಲಿ ಇತ್ತು! ಬೆಳಗಿನ ಜಾವ ವಿಎಂ ಆಫ್ ಮಾಡಿ 8 ಹಾಕಿದೆ, ಆರ್‌ಪಿಎಸ್ ಕೂಡ. ನಿನ್ನೆ ರಾತ್ರಿ 5 ಜಿಬಿಪಿಎಸ್ ಮೇಲೆ ಹೋಯ್ತು, ಫೋನ್ ಒಂದೂ ಇಲ್ಲ. ಎಸ್‌ಆರ್-ಐಒವಿಗೆ ಹೋದ್ರೆ ವಿಎಂನ ಓಡ್ತಿರುವಾಗಲೇ ಇನ್ನೊಂದು ಸರ್ವರ್‌ಗೆ ಸಾಗಿಸಬಹುದಾ?

ಕುಶಾಲನಗರ ಅಡ್ಮಿನ್:
ಇಲ್ಲ, ಅದನ್ನ ಬಿಡಬೇಕಾಗುತ್ತೆ. ವಿಎಂ ಆ ಕಾರ್ಡ್‌ಗೇ ಅಂಟ್ಕೊಂಡಿರುತ್ತೆ, ಆಫ್ ಮಾಡಿಯೇ ಸಾಗಿಸಬೇಕು. 5 ಸಾಕಾಗ್ತಿದ್ರೆ ಸದ್ಯ ಹೀಗೇ ಇರಲಿ.