ಮೊಬಿಲಿಟಿ ಸ್ಕೂಟರ್ ರ‍್ಯಾಂಪ್ ಹತ್ತುತ್ತಿಲ್ಲ. ಇದನ್ನೇ ಸರಿ ಮಾಡಿಸಲಾ, ಬೇರೆ ಮಾಡೆಲ್ ತಗೊಳ್ಳಲಾ?

ವಿನೋಬನಗರದವ:
ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ನಮ್ಮವ್ವಗೆ 71 ವರ್ಷ, ಎರಡೂ ಮೊಣಕಾಲು ಸವೆದಿವೆ. ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಾಳೆ. ಬೀದಿ ಕೊನೆಯ ಕಿರಾಣಿ ಅಂಗಡಿಗೆ ಹೋಗಿ ಬರೋದು ಮಾತ್ರ ಆಗಲ್ಲ. ದುಬೈಯಲ್ಲಿರೋ ನಮ್ಮಕ್ಕನ ಮಗ ಬರುವಾಗ ಒಂದು ಮೊಬಿಲಿಟಿ ಸ್ಕೂಟರ್, ಅಂದರೆ ನಡೆಯೋಕೆ ಕಷ್ಟ ಇರೋರು ಕೂತು ಓಡಿಸುವ ಬ್ಯಾಟರಿ ಗಾಡಿ, ತಂದುಕೊಟ್ಟಿದ್ದಾನೆ. ನಾಲ್ಕು ಚಕ್ರ, ಬಿಚ್ಚಿ ಕಾರಿನ ಡಿಕ್ಕಿಗೆ ಹಾಕಬಹುದು, 24 ವೋಲ್ಟಿಗೆ ಎರಡು 12 ಎಎಚ್ ಬ್ಯಾಟರಿ. ಕಂಪನಿ ಹೆಸರು ಇಲ್ಲಿ ಬೇಡ, ದೋಷ ಗಾಡಿಯದೋ ಜಾಗದ್ದೋ ಇನ್ನೂ ಗೊತ್ತಿಲ್ಲ.

ಬೀದಿಯಲ್ಲಿ ಚೆನ್ನಾಗೇ ಓಡುತ್ತೆ. ವಾಪಸ್ ಬರುವಾಗ ಗೇಟಿನ ಒಳಗಿನ ರ‍್ಯಾಂಪ್ ಬುಡದಲ್ಲಿ ನಿಂತುಬಿಡುತ್ತೆ. ಮೋಟರ್ ಸದ್ದು ಬರುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಹಿಂದಿನಿಂದ ಯಾರಾದರೂ ಒತ್ತಿದರೆ ಹತ್ತುತ್ತೆ. ಇನ್ನು ಕೆಲವು ಸಲ ಅರ್ಧ ರ‍್ಯಾಂಪಿಗೆ ಹೋಗಿ ಬೀಪ್ ಬೀಪ್ ಅಂತ ಪೂರ್ತಿ ಆಫ್ ಆಗುತ್ತೆ. ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಮೋಟರ್ ಸಣ್ಣದು, ದೊಡ್ಡ ಮಾಡೆಲ್ ತಗೊಳ್ಳಿ ಅಂದ.

ಈಗ ನೋಡುತ್ತಿರೋದು: ಮಡಚುವ ಲಿಥಿಯಂ ಬ್ಯಾಟರಿದು, ಸ್ವಲ್ಪ ದೊಡ್ಡದಾದ ಮೂರು ಚಕ್ರದ್ದು, ಆಮೇಲೆ ಯೂಟ್ಯೂಬಲ್ಲಿ ಕಂಡ ನಿಯೋಬೋಲ್ಟ್. ಯಾವುದು ಸರಿ?

ದುರ್ಗದ ವೈರ್‌ಮನ್:
ಅಣ್ಣಾ, ಮಾಡೆಲ್ ವಿಷಯ ಆಮೇಲೆ. ನೀವು ಹೇಳಿರೋದು ಎರಡು ಬೇರೆ ಬೇರೆ ಕಾಯಿಲೆ. ಬುಡದಲ್ಲಿ ಸದ್ದು ಬಂದು ಗಾಡಿ ಹೋಗದೇ ಇರೋದು ಒಂದು. ಅರ್ಧಕ್ಕೆ ಆಫ್ ಆಗೋದು ಇನ್ನೊಂದು. ಒಂದಕ್ಕೆ ಔಷಧಿ ಕೊಟ್ಟರೆ ಇನ್ನೊಂದು ವಾಸಿ ಆಗಲ್ಲ.

ಮೊದಲನೇದಕ್ಕೆ: ಹಿಂದಿನ ದೊಡ್ಡ ಚಕ್ರಗಳ ಹಿಂದೆ ಎರಡು ಪುಟ್ಟ ಚಕ್ರ ಇರುತ್ತವೆ, ನೆಲಕ್ಕೆ ತಾಗದ ಹಾಗೆ. ಗಾಡಿ ಹಿಮ್ಮುಖ ಪಲ್ಟಿ ಆಗಬಾರದು ಅಂತ ಕೊಟ್ಟಿರೋದು. ಅವುಗಳಿಂದ ನೆಲಕ್ಕೆ ಎಷ್ಟು ಜಾಗ ಇದೆ ಅಳೆಯಿರಿ. ರ‍್ಯಾಂಪಿನ ಎತ್ತರ, ಉದ್ದನೂ ಅಳೆಯಿರಿ. ಅವ್ವ ಹತ್ತಿಸುವಾಗ ಪಕ್ಕದಲ್ಲಿ ನೆಲದ ಮಟ್ಟಕ್ಕೆ ಮೊಬೈಲ್ ಇಟ್ಟು ವಿಡಿಯೋ ಮಾಡಿ.

ಎರಡನೇದಕ್ಕೆ ಮಲ್ಟಿಮೀಟರ್ ಬೇಕು. ರಾತ್ರಿಯೆಲ್ಲಾ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ಒಂದೆರಡು ಗಂಟೆ ಬಿಟ್ಟು ಎರಡೂ ಬ್ಯಾಟರಿಯ ವೋಲ್ಟೇಜ್ ಬೇರೆ ಬೇರೆಯಾಗಿ ನೋಡಿ. ಒಟ್ಟಿಗೆ ನೋಡಿದರೆ ಗೊತ್ತಾಗಲ್ಲ.

ಹದಡಿ ರೋಡ್:
ಫ್ರೀವ್ಹೀಲ್ ಲಿವರ್ ನೋಡಿದ್ರಾ? ತಳ್ಳಿಕೊಂಡು ಹೋಗಲು ಬಿಡಿಸಿ ಮತ್ತೆ ಹಾಕೋಕೆ ಮರೆತರೂ ಹೋಗಲ್ಲ.

ದುರ್ಗದ ವೈರ್‌ಮನ್:
ಲಿವರ್ ಬಿಡಿಸಿದ್ದರೆ ಸಾಮಾನ್ಯವಾಗಿ ಮೋಟರ್ ತಿರುಗೋದೇ ಇಲ್ಲ, ಬೀಪ್ ಮಾತ್ರ ಬರುತ್ತೆ. ಇಲ್ಲಿ ಸದ್ದು ಬರ್ತಿದೆ, ಅದು ಅಲ್ಲ. ಆದರೆ ಲಿವರ್ ಮಾತು ಬಂತಲ್ಲ, ಒಂದು ಹೇಳಿಬಿಡ್ತೀನಿ. ಈ ಗಾಡಿಗಳಲ್ಲಿ ಓಡಿಸೋಕೆ ಒತ್ತುವ ಹೆಬ್ಬೆರಳಿನ ಲಿವರ್ ಬಿಟ್ಟ ಕೂಡಲೇ ಬ್ರೇಕ್ ತಾನೇ ಹಿಡಿಯುತ್ತೆ, ಮೋಟರಿನಲ್ಲೇ ಮ್ಯಾಗ್ನೆಟ್ ಬ್ರೇಕ್ ಇದೆ. ಫ್ರೀವ್ಹೀಲ್ ಹಾಕಿದರೆ ಆ ಬ್ರೇಕ್ ಇರಲ್ಲ. ರ‍್ಯಾಂಪಿನ ಮೇಲೆ ಅವ್ವ ಕೂತಿರುವಾಗ ಯಾರೂ ಅದನ್ನು ಮುಟ್ಟಬಾರದು.

ವಿನೋಬನಗರದವ:
ಅಳೆದೆ. ರ‍್ಯಾಂಪ್ ಎತ್ತರ ಒಂದು ಅಡಿ, ಉದ್ದ ಐದು ಅಡಿ. ಎರಡು ಮೆಟ್ಟಿಲಿನ ಮೇಲೆ ಗಾರೆಯವರು ಸುಮ್ನೆ ಸಿಮೆಂಟ್ ಸುರಿದು ಇಳಿಜಾರು ಮಾಡಿಕೊಟ್ಟಿದ್ದರು. ಪುಟ್ಟ ಚಕ್ರಗಳು ನೆಲದಿಂದ ಎರಡೂವರೆ ಸೆಂಟಿಮೀಟರ್ ಮೇಲಿವೆ, ಹಿಂದಿನ ಆಕ್ಸಲ್‌ನಿಂದ ಸುಮಾರು 20 ಸೆಂಟಿಮೀಟರ್ ಹಿಂದೆ.

ವಿಡಿಯೋ ನೋಡೋ ಮೊದಲೇ ಅವ್ವ ಹೇಳಿದಳು, "ನಾನು ರಂಗೋಲಿ ಹಾಕೋ ಜಾಗದಾಗ ಎರಡು ಕರೀ ಗೆರೆ ಬಿದ್ದಾವಲ್ಲ, ಅವು ಏನು?" ಹೋಗಿ ನೋಡಿದರೆ ರ‍್ಯಾಂಪ್ ಬುಡದ ಸಿಮೆಂಟಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಉಜ್ಜಿದ ಗೆರೆ, ಗೇಣುದ್ದ. ಪುಟ್ಟ ಚಕ್ರಗಳ ಅಗಲಕ್ಕೆ ಸರಿಯಾಗಿ ಹೊಂದುತ್ತವೆ.

ದುರ್ಗದ ವೈರ್‌ಮನ್:
ಅವ್ವನೇ ರಿಪೇರಿ ಮಾಡಿದ ಹಾಗಾಯ್ತು.

ಆಗ್ತಿರೋದು ಇಷ್ಟೇ. ಮುಂದಿನ ಚಕ್ರ ರ‍್ಯಾಂಪ್ ಏರಿದಾಗ ಹಿಂದಿನ ಚಕ್ರ ಇನ್ನೂ ಸಮ ನೆಲದ ಮೇಲಿರುತ್ತೆ. ಎತ್ತಿನ ಗಾಡಿಯ ಮೂಕಿ ಮೇಲೆದ್ದರೆ ಹಿಂಭಾಗ ನೆಲಕ್ಕೆ ಬರುತ್ತಲ್ಲ, ಹಾಗೆ ಪುಟ್ಟ ಚಕ್ರ ಕೆಳಗಿಳಿದು ನೆಲಕ್ಕೆ ಕೂರುತ್ತೆ. ಭಾರ ಅದರ ಮೇಲೆ ಬೀಳುತ್ತೆ. ಓಡಿಸೋ ಚಕ್ರ ಹಗುರ ಆಗುತ್ತೆ, ಹಿಡಿತ ಸಿಗದೆ ಸುಮ್ನೆ ತಿರುಗುತ್ತೆ. ನಿಮ್ಮ ಅಳತೆ ಪ್ರಕಾರ 7 ಡಿಗ್ರಿ ಇಳಿಜಾರಿಗೇ ಪುಟ್ಟ ಚಕ್ರ ನೆಲ ಮುಟ್ಟುತ್ತೆ. ನಿಮ್ಮ ರ‍್ಯಾಂಪ್ 11 ಡಿಗ್ರಿ ದಾಟಿದೆ. ಬಿಚ್ಚಿ ಡಿಕ್ಕಿಗೆ ಹಾಕುವ ಗಾಡಿಗಳು ಹೆಚ್ಚಾಗಿ 6ರಿಂದ 8 ಡಿಗ್ರಿಗೆ ಮಾಡಿದವು. ಮೋಟರ್ ಸಣ್ಣದಲ್ಲ, ರ‍್ಯಾಂಪ್ ಗಿಡ್ಡ.

ಮಂಡಿಪೇಟೆ:
ಹಾಗಾದ್ರೆ ಆ ಪುಟ್ಟ ಚಕ್ರ ಬಿಚ್ಚಿ ಎಸೆದರಾಯ್ತಲ್ಲ. ಎರಡು ಬೋಲ್ಟು.

ಫಿಸಿಯೋ ಪಿ.ಜೆ. ಬಡಾವಣೆ:
ದಯವಿಟ್ಟು ಬೇಡ. ಸೀಟಿನ ಮೇಲೆ ಕೂತವರ ಭಾರ ಎತ್ತರದಲ್ಲಿರುತ್ತೆ, ಅದೂ ಹಿಂದಿನ ಚಕ್ರಕ್ಕೆ ಹತ್ತಿರ. 11 ಡಿಗ್ರಿಯಲ್ಲಿ ಹೆಬ್ಬೆರಳಿನ ಲಿವರ್ ಜೋರಾಗಿ ಒತ್ತಿದರೆ ಮುಂಭಾಗ ಎದ್ದೇ ಏಳುತ್ತೆ. ಮೊಣಕಾಲು ನೋವಿಗೆ ತಂದ ಗಾಡಿಯಿಂದ ಸೊಂಟದ ಮೂಳೆ ಮುರಿದುಕೊಳ್ಳೋದು ಬೇಕಾ? 71ರಲ್ಲಿ ಸೊಂಟ ಮುರಿದರೆ ಮತ್ತೆ ಎದ್ದು ಓಡಾಡೋದು ಎಷ್ಟು ಕಷ್ಟ ಅಂತ ದಿನಾ ನೋಡುತ್ತೇನೆ.

ರ‍್ಯಾಂಪ್ ಸರಿ ಮಾಡಿಸಿ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ 1ಕ್ಕೆ 12 ಅನ್ನುತ್ತೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಸುಮಾರು 5 ಡಿಗ್ರಿ.

ವಿನೋಬನಗರದವ:
ಮೇಡಂ, ಗೇಟಿನಿಂದ ಬಾಗಿಲಿಗೆ ಇರೋದೇ ಎಂಟು ಅಡಿ.

ಫಿಸಿಯೋ ಪಿ.ಜೆ. ಬಡಾವಣೆ:
ನೇರವಾಗಿ ಬೇಡ. ಕಾಂಪೌಂಡ್ ಗೋಡೆ ಪಕ್ಕಕ್ಕೆ ಏರಿಸಿ, ಮೂಲೆಯಲ್ಲಿ ಐದು ಅಡಿ ಸಮ ಜಾಗ ಬಿಟ್ಟು ಬಾಗಿಲ ಕಡೆ ತಿರುಗಿಸಿ. ಆ ಸಮ ಜಾಗದಲ್ಲೇ ಗಾಡಿ ತಿರುಗಬೇಕು, ಅದಕ್ಕೇ ಜಿಪುಣತನ ಮಾಡಬೇಡಿ. ಗ್ರಾನೈಟ್ ಗಿಗ್ರಾನೈಟ್ ಹಾಕಿಸಬೇಡಿ. ಒದ್ದೆ ಸಿಮೆಂಟಿನ ಮೇಲೆ ಪೊರಕೆ ಎಳೆದು ಒರಟು ಬಿಟ್ಟರೆ ಸಾಕು. ಹೊರ ಅಂಚಿಗೆ ಮೂರು ಇಂಚಿನ ಕಟ್ಟೆ ಇರಲಿ.

ವಿನೋಬನಗರದವ:
ಬ್ಯಾಟರಿ ನೋಡಿದೆ. ಒಂದು 12.8, ಇನ್ನೊಂದು 12.1. ನನ್ನ ತಮ್ಮ ಗಾಡಿ ಮೇಲೆ ಕೂತು ಹತ್ತಿಸುವಾಗ ಎರಡೂ ಸೇರಿ 21 ವೋಲ್ಟ್‌ಗಿಂತ ಕೆಳಗೆ ಇಳಿದು ಆಫ್ ಆಯ್ತು.

ದುರ್ಗದ ವೈರ್‌ಮನ್:
12.1 ತೋರಿಸಿದ ಬ್ಯಾಟರಿ ಸತ್ತಿದೆ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿದು, ಮೋಟರಿಗೆ ಕರೆಂಟ್ ಬಿಡುವ ಕಂಟ್ರೋಲರ್ ತಾನೇ ಕಟ್ ಮಾಡುತ್ತೆ. ಸಮ ರಸ್ತೆಯಲ್ಲಿ ಅಷ್ಟು ಕರೆಂಟ್ ಎಳೆಯಲ್ಲ, ಅದಕ್ಕೇ ಅಲ್ಲಿ ಓಡುತ್ತೆ. ಒಂದನ್ನೇ ಬದಲಿಸಬೇಡಿ, ಜೋಡಿಯಾಗೇ ಹಾಕಿ. ಹಳೇದು ಹೊಸದನ್ನೂ ಎಳೆದುಕೊಂಡು ಹೋಗುತ್ತೆ. ಅಂಗಡಿಯವರು ಯುಪಿಎಸ್‌ನ 7 ಎಎಚ್ ತೋರಿಸಿದರೆ ಬೇಡ ಅನ್ನಿ. ಎಲೆಕ್ಟ್ರಿಕ್ ಸೈಕಲ್, ಹಳೇ ಮಾದರಿಯ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಮಾರುವ ಕಡೆ 12 ವೋಲ್ಟ್ 12 ಎಎಚ್ ಕೇಳಿ. ಮೈಮೇಲೆ 6-ಡಿಜೆಡ್‌ಎಂ-12 ಅಂತ ಇರುತ್ತೆ. 15 ಸೆಂಟಿಮೀಟರ್ ಉದ್ದ, 10 ಅಗಲ. ನಿಮ್ಮ ಪೆಟ್ಟಿಗೆಗೆ ಕೂರುತ್ತಾ, ಟರ್ಮಿನಲ್ ಹೊಂದುತ್ತಾ ಅಂತ ಹಳೇದನ್ನು ಕೈಯಲ್ಲೇ ಹಿಡಿದು ಹೋಗಿ.

ಆಮೇಲೆ, ಓಡಿಸದೇ ಇದ್ದರೂ ಆಗಾಗ ಚಾರ್ಜ್ ಹಾಕಿ. ಖಾಲಿ ಬಿಟ್ಟ ಲೆಡ್ ಬ್ಯಾಟರಿ ಹಾಳಾಗುತ್ತೆ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ತಗಡಿನ ಶೀಟಿನ ಕೆಳಗೆ ನಿಲ್ಲಿಸಿದರಂತೂ ಇನ್ನೂ ಬೇಗ.

ಹದಡಿ ರೋಡ್:
ಇಷ್ಟೆಲ್ಲಾ ಯಾಕೆ, ಸ್ಕೂಟಿಗೆ ಎರಡು ಸೈಡ್ ವ್ಹೀಲ್ ಹಾಕಿಸಿಕೊಡಿ. ನಮ್ಮ ದೋಸ್ತ್ ಹರಿಹರದವರೆಗೂ ಹೋಗಿ ಬರ್ತಾನೆ.

ಫಿಸಿಯೋ ಪಿ.ಜೆ. ಬಡಾವಣೆ:
ನಿಮ್ಮ ದೋಸ್ತ್‌ಗೆ ಅದು ಸರಿ. ಅದಕ್ಕೆ ಲೈಸೆನ್ಸ್ ಬೇಕು, ಆರ್‌ಟಿಓದಲ್ಲಿ ಬದಲಾವಣೆ ನೋಂದಾಯಿಸಬೇಕು. ಜನ್ಮದಲ್ಲಿ ಸ್ಕೂಟರ್ ಮುಟ್ಟದ ಅಜ್ಜಿಗೆ ಆ ವೇಗ ಕೊಡೋದು ಬೇಡ. ಬ್ಯಾಟರಿ ಗಾಡಿಗೆ ಆ ಗೋಜಿಲ್ಲ. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಒಳಗೆ ಅಂತ ಮಾನ್ಯತೆ ಇರುವ ಪರೀಕ್ಷಾ ಸಂಸ್ಥೆ ದೃಢಪಡಿಸಿದ್ದರೆ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅದು ಮೋಟಾರು ವಾಹನವೇ ಅಲ್ಲ. ದೊಡ್ಡ ಮಾಡೆಲ್ ನೋಡುವಾಗ ಈ ಮೂರನ್ನೂ ಕೇಳಿ, ಅವು ತೂಕದಲ್ಲೇ ದಾಟಿಬಿಡುತ್ತವೆ.

ಈಗ ನಿಮ್ಮ ಪಟ್ಟಿಗೆ ಬರ್ತೀನಿ. ನಿಯೋಬೋಲ್ಟ್ ಒಳ್ಳೇ ವಸ್ತು, ಐಐಟಿ ಮದ್ರಾಸಿನಲ್ಲಿ ಹುಟ್ಟಿದ ಕಂಪನಿಯದ್ದು. ಆದರೆ ಅದು ವ್ಹೀಲ್‌ಚೇರಿನ ಮುಂದೆ ಸಿಕ್ಕಿಸುವ ಮೋಟರ್ ಚಕ್ರ, 25 ಕಿ.ಮೀ. ವೇಗದವರೆಗೂ ಹೋಗುತ್ತೆ. ದಿನವಿಡೀ ವ್ಹೀಲ್‌ಚೇರಿನಲ್ಲೇ ಇರುವ, ತೋಳಿನಲ್ಲಿ ಬಲ ಇರುವ ಹುಡುಗರಿಗೆ ಹೇಳಿ ಮಾಡಿಸಿದ್ದು. ನಾಲ್ಕು ಹೆಜ್ಜೆ ನಡೆದು ಸೀಟಿಗೆ ಕೂರುವ ನಿಮ್ಮ ತಾಯಿಗೆ ಅಲ್ಲ.

ಮಡಚುವ ಲಿಥಿಯಂದು ಹಗುರ, ವೋಲ್ಟೇಜೂ ಹೀಗೆ ಕುಸಿಯಲ್ಲ. ಆದರೆ ಚಕ್ರ ಅದೇ ಏಳೆಂಟು ಇಂಚಿಂದು, ಹೊಟ್ಟೆ ಅಷ್ಟೇ ತಗ್ಗು. ನಿಮ್ಮ ರ‍್ಯಾಂಪಿಗೆ ಅದೂ ಸಿಕ್ಕಿಕೊಳ್ಳುತ್ತೆ. ಈ ಗಾಡಿಗಳು ಎಲ್ಲಿಗೆ ಅಂತ ಮಾಡಿದವು ಅನ್ನೋದನ್ನ ನೋಡಬೇಕು. ಇಂಗ್ಲೆಂಡಿನಲ್ಲಿ ಫುಟ್‌ಪಾತಿನ ಮೇಲೆ ಗಂಟೆಗೆ 4 ಮೈಲಿ, ಅಂದರೆ 6 ಕಿ.ಮೀ. ಚಿಲ್ಲರೆ, ರಸ್ತೆಗಿಳಿಯುವ ದೊಡ್ಡದಕ್ಕೆ 8 ಮೈಲಿ ಅಂತ ಮಿತಿ. ಸಣ್ಣವು ಆ ನುಣುಪು ಫುಟ್‌ಪಾತಿಗೆ, ಮಾಲ್‌ಗೆ ಅಳತೆ ಮಾಡಿದವು. ನಮ್ಮ ಬೀದಿಯಲ್ಲಿ ಮನೆಗೊಂದು ಹಂಪು, ಚರಂಡಿ ಮೇಲೆ ಏರುಪೇರು ಚಪ್ಪಡಿ. ಕ್ಯಾಟಲಾಗಿನಲ್ಲಿ ಮೈಲೇಜ್ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಕಿರಾಣಿ ಅಂಗಡಿಗೆ ಹೋಗುವವರಿಗೆ 15 ಕಿ.ಮೀ. ಆದರೇನು, 30 ಆದರೇನು? ನೆಲದಿಂದ ಹೊಟ್ಟೆಗೆ ಎಷ್ಟು ಅಂತರ ಅನ್ನೋದು ಕೊನೇ ಸಾಲಿನಲ್ಲಿರುತ್ತೆ, ಅದನ್ನೇ ಮೊದಲು ಓದಿ.

ಮೂರು ಚಕ್ರದ್ದು ಕಡಿಮೆ ಜಾಗದಲ್ಲಿ ತಿರುಗುತ್ತೆ, ಕಾಲಿಗೂ ಜಾಗ ಜಾಸ್ತಿ. ಮೊಣಕಾಲು ಪೂರ್ತಿ ಮಡಚಲಾಗದವರಿಗೆ ಅದು ದೊಡ್ಡ ಅನುಕೂಲ. ಆದರೆ ಒಂದು ಪಕ್ಕಕ್ಕೆ ವಾಲಿದ ರಸ್ತೆಯಲ್ಲಿ ವೇಗವಾಗಿ ತಿರುಗಿಸಿದರೆ ಮಗುಚುತ್ತೆ. ಹಂಪನ್ನು ಓರೆಯಾಗಿ ಹತ್ತಿಸಿದರೂ ಅಷ್ಟೇ. ನಿಮ್ಮ ತಾಯಿ ಹೊಸಬರು, ನಾನಾದರೆ ನಾಲ್ಕು ಚಕ್ರವೇ ಅಂತೀನಿ. ಸೀಟು ಪಕ್ಕಕ್ಕೆ ತಿರುಗಿ ಲಾಕ್ ಆಗಬೇಕು. ಇಳಿಯುವಾಗ ಮೊಣಕಾಲಿನ ಮೇಲೆ ತಿರುಚು ಬೀಳಬಾರದು.

ಮಂಡಿಪೇಟೆ:
ಸರ್ಕಾರದಿಂದ ಫ್ರೀ ಕೊಡ್ತಾರಂತಲ್ಲ ಮೇಡಂ?

ಫಿಸಿಯೋ ಪಿ.ಜೆ. ಬಡಾವಣೆ:
ಅದು ಕಾನ್ಪುರದ ಸರ್ಕಾರಿ ಕಂಪನಿ ಅಲಿಂಕೋ ಮಾಡುವ ಬ್ಯಾಟರಿ ಟ್ರೈಸಿಕಲ್, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಎಡಿಪ್ ಯೋಜನೆಯಲ್ಲಿ. ಅಂಗವಿಕಲತೆ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೂ ಇದೆ. ವಯಸ್ಸಾಯ್ತು, ಮಂಡಿ ನೋವು ಅಂದಷ್ಟಕ್ಕೇ ಸಿಗಲ್ಲ. ಅರ್ಹತೆ ಇದೆ ಅನ್ನಿಸಿದರೆ ನಮ್ಮೂರಲ್ಲೇ ಅಂಗವಿಕಲರ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ, ಅಲ್ಲಿ ವಿಚಾರಿಸಿ. ಹಳ್ಳಿಯವರಾದರೆ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ, ಅರ್ಜಿ ಅವರೇ ಬರೆಸುತ್ತಾರೆ.

ವಿನೋಬನಗರದವ:
ಎಲ್ಲರಿಗೂ ಅಪ್ಡೇಟ್. ಬ್ಯಾಟರಿ ಜೋಡಿ ಹಾಕಿಸಿದೆ. ರ‍್ಯಾಂಪ್ ಎಲ್ ಆಕಾರಕ್ಕೆ ತಿರುಗಿಸಿದೆವು, ತುಳಸಿಕಟ್ಟೆ ಸ್ವಲ್ಪ ಸರಿಸಬೇಕಾಯ್ತು, ಅದಕ್ಕೆ ಅವ್ವ ಒಂದು ದಿನ ಮಾತು ಬಿಟ್ಟಿದ್ದಳು. ಈಗ ಯಾರೂ ಒತ್ತದೆ ಬಾಗಿಲವರೆಗೂ ಬರುತ್ತಾಳೆ, ಅರ್ಧಕ್ಕೆ ಆಫ್ ಆಗೋದೂ ಇಲ್ಲ. ಹೊಸ ಗಾಡಿ ಸದ್ಯಕ್ಕೆ ಬೇಡ ಅಂತ ತೀರ್ಮಾನ.

ಉಳಿದಿರೋದು ಒಂದೇ. ಪಕ್ಕದ ಕ್ರಾಸಿನ ಹಂಪಿಗೆ ಹೊಟ್ಟೆ ಉಜ್ಜುತ್ತೆ. ಚಕ್ರ ಸ್ವಲ್ಪ ದೊಡ್ಡದು ಹಾಕಿಸಬಹುದಾ?

ದುರ್ಗದ ವೈರ್‌ಮನ್:
ಬೇಡ ಅಣ್ಣಾ. ಚಕ್ರ ದೊಡ್ಡದಾದರೆ ಹತ್ತುವ ಬಲ ಕಡಿಮೆ ಆಗುತ್ತೆ, ಪುಟ್ಟ ಚಕ್ರದ ಅಳತೆಯೂ ತಪ್ಪುತ್ತೆ. ಆ ಕ್ರಾಸ್ ಬಿಟ್ಟು ಬೇರೆ ದಾರಿ ಇದ್ದರೆ ಅದರಲ್ಲಿ ಹೋಗಲಿ. ಇಲ್ಲವೇ ಇಲ್ಲ ಅಂದರೆ ಆಗ ಹತ್ತು ಇಂಚಿನ ಚಕ್ರದ, ನಾಲ್ಕು ಇಂಚು ಎತ್ತರದ ಮಧ್ಯಮ ಗಾತ್ರದ್ದು ನೋಡಿ. ಅದು ಡಿಕ್ಕಿಗೆ ಹೋಗಲ್ಲ, ಮನೆಯೊಳಗೂ ತಿರುಗಲ್ಲ. ಕಾಂಪೌಂಡಿನಲ್ಲೇ ನೆರಳು ಮಾಡಿ ಪ್ಲಗ್ ಪಾಯಿಂಟ್ ಎಳೆಸಬೇಕಾಗುತ್ತೆ. ದುಡ್ಡು ಕೊಡೋ ಮೊದಲು ಡೀಲರಿಗೆ ಗಾಡಿ ನಿಮ್ಮ ಬೀದಿಗೇ ತರಲು ಹೇಳಿ, ಅವ್ವನ್ನ ಕೂರಿಸಿ ಅದೇ ಹಂಪು ಹತ್ತಿಸಿ ನೋಡಿ. ತರಲ್ಲ ಅಂದರೆ ಬೇರೆ ಡೀಲರ್ ನೋಡಿಕೊಳ್ಳಿ.