ಸಂಡೂರು ಸಂಸ್ಥಾನವನ್ನು ಉಳಿಸಿದ್ದು ಬೆಟ್ಟಗಳೇ?

ಪ್ರಶ್ನೆ:
1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಸುತ್ತಲಿನ ಪಾಳೆಯಗಾರರ ಆಳ್ವಿಕೆ ಬಹುಬೇಗ ಮುಗಿಯಿತು. ಅದೇ ಜಿಲ್ಲೆಯ ಒಡಲಲ್ಲಿದ್ದ, ಸುಮಾರು 160 ಚದರ ಮೈಲಿಯ ಸಂಡೂರು ಮಾತ್ರ ಘೋರ್ಪಡೆ ಮನೆತನದ ಕೈಯಲ್ಲಿ 1949ರವರೆಗೂ ಉಳಿಯಿತು. ಸುತ್ತಲಿನ ಬೆಟ್ಟಗಳೇ ಕಾಪಾಡಿದವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇದನ್ನು ಒಪ್ಪಬಹುದೇ?

ಉತ್ತರ 1:
ಅರ್ಧ ಮಾತ್ರ ಒಪ್ಪಬಹುದು. ಸಂಡೂರಿನ ಬೆಟ್ಟಸಾಲನ್ನು ಸೀಳಿದ ಭೀಮಗಂಡಿ ಕಣಿವೆಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಎರಡೂ ಕಡೆ ಕಡಿದಾದ ಬಂಡೆ, ನಡುವೆ ನಾರಿಹಳ್ಳ ಹರಿಯುವಷ್ಟು ಜಾಗ. ಎರಡನೆಯ ಬಾಜೀರಾವ್ ಪೇಶ್ವೆ ಸಂಡೂರಿನ ಬೆಟ್ಟದ ಮೇಲಿನ ಕುಮಾರಸ್ವಾಮಿಯ ದರ್ಶನದ ನೆಪದಲ್ಲಿ ದಂಡಿನೊಡನೆ ಬಂದಾಗ, ಅಲ್ಲಿನ ಅರಸ ಶಿವರಾವ್ ಘೋರ್ಪಡೆ ಇಂಥ ದಾರಿಗಳನ್ನು ಮುಚ್ಚಿಸಿ ಅವನನ್ನು ತಡೆದನು. ಆದರೆ ಪೇಶ್ವೆಯ ಒತ್ತಾಯಕ್ಕೆ ಮಣಿದ ಕಂಪನಿ 1817ರ ಅಕ್ಟೋಬರಿನಲ್ಲಿ ತನ್ನ ಅಧಿಕಾರಿ ಥಾಮಸ್ ಮನ್ರೋನನ್ನು ಕಳುಹಿಸಿದಾಗ, ಶಿವರಾವ್ ಕಾದಾಡದೆ ಕೋಟೆಯನ್ನು ಒಪ್ಪಿಸಿದನು. ಮರುತಿಂಗಳೇ ಪೇಶ್ವೆ ಕಂಪನಿಯ ಮೇಲೆ ಯುದ್ಧಕ್ಕಿಳಿದದ್ದರಿಂದ, ಅವನಿಗಾಗಿ ಸಂಡೂರನ್ನು ಹಿಡಿದಿಟ್ಟುಕೊಳ್ಳುವ ಕಾರಣವೇ ಇಲ್ಲವಾಯಿತು. ಸೀಮೆಯನ್ನು ಕಿತ್ತುಕೊಂಡ ಮನ್ರೋನ ಶಿಫಾರಸಿನ ಮೇಲೆಯೇ 1818ರಲ್ಲಿ ಅದು ಶಿವರಾವ್‌ಗೆ ಮರಳಿತು; ಮನ್ರೋನೇ ಮದ್ರಾಸಿನ ಗವರ್ನರ್ ಆಗಿದ್ದ 1826ರಲ್ಲಿ ಸನದು, ಅಂದರೆ ಅಧಿಕೃತ ಹಕ್ಕುಪತ್ರ, ದೊರೆಯಿತು. ಬೆಟ್ಟಗಳು ಪೇಶ್ವೆಯನ್ನು ತಡೆದವು ನಿಜ, ಆದರೆ ಸಂಸ್ಥಾನ ಉಳಿದದ್ದು ಪುಣೆಯಲ್ಲಿ ಪೇಶ್ವೆಗೂ ಕಂಪನಿಗೂ ಕೆಟ್ಟ ಸಂಬಂಧದಿಂದ.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಉಳಿದ ಮೇಲೆ ಸಂಸ್ಥಾನ ಎಷ್ಟು ಸ್ವತಂತ್ರವಾಗಿತ್ತು ಎಂದೂ ಕೇಳಿಕೊಳ್ಳಬೇಕಲ್ಲವೇ? ಬಳ್ಳಾರಿಯ ಕಲೆಕ್ಟರನೇ ಸಂಸ್ಥಾನದ ಮೇಲ್ವಿಚಾರಕನಾಗಿದ್ದನು. 1840ರ ದಶಕದಲ್ಲಿ ಸಂಸ್ಥಾನದೊಳಗಿನ ರಾಮನದುರ್ಗ ಬೆಟ್ಟದ ತಂಪು ನೆತ್ತಿ ಬಿಳಿಯ ಸಿಪಾಯಿಗಳ ಆರೋಗ್ಯಧಾಮವಾಯಿತು. 1882ರಲ್ಲಿ ಕಾಡಿನ ಬಹುಭಾಗ ಮದ್ರಾಸ್ ಸರ್ಕಾರಕ್ಕೆ ಗುತ್ತಿಗೆಗೆ ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾಂಗನೀಸ್ ಅದಿರಿಗಾಗಿ ಬೆಟ್ಟಗಳನ್ನೇ ಅಗೆಯತೊಡಗಿದರು. ನಾನು ರಾಮನದುರ್ಗಕ್ಕೆ ಹೋದಾಗ ಲಂಟಾನ ಪೊದೆಗಳ ನಡುವೆ ಚಾವಣಿಯಿಲ್ಲದ ಕಲ್ಲುಗೋಡೆಗಳು ನಿಂತಿದ್ದವು, ಚಪ್ಪಲಿಗೆ ಕೆಂಪು ದೂಳು ಮೆತ್ತಿತ್ತು. 1876ರಲ್ಲಿ ವಂಶಪಾರಂಪರ್ಯವಾಗಿ ಸಿಕ್ಕ ‘ರಾಜ’ ಬಿರುದಿಗಿಂತ ಆ ಗೋಡೆಗಳೇ ಅಂದಿನ ಸ್ಥಿತಿಯನ್ನು ಸ್ಪಷ್ಟವಾಗಿ ಹೇಳುತ್ತವೆ ಎಂದು ನನಗೆ ಅನ್ನಿಸಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಕೋಟೆ ಒಪ್ಪಿಸಿದ ಸಂಗತಿಯನ್ನು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದೇ ಇಲ್ಲ. 1949ರಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿ, 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದದ್ದನ್ನಷ್ಟೇ ಕೇಳಿದ್ದೆ. ಮುಂದಿನ ಸಲ ಊರಿಗೆ ಹೋದಾಗ ರಾಮನದುರ್ಗವನ್ನು ಹತ್ತುತ್ತೇನೆ.