ಸಹಾಯ ಬೇಕು: ಮಗಳ ಗುಂಗುರು ಕೂದಲು, ಹಿತ್ತಲಿನ ಸೀಬೆ ಮರ

ಎಲ್ಲರಿಗೂ ನಮಸ್ಕಾರ. ಮನೆಯವರ ಕೂದಲನ್ನು ನಾನೇ ಕತ್ತರಿಸುತ್ತೇನೆ. ಮಗನದು ಸುಲಭ: ಟ್ರಿಮ್ಮರ್‌ಗೆ 3ನೇ ನಂಬರಿನ ಗಾರ್ಡ್ ಹಾಕಿ ಕತ್ತಿನಿಂದ ಮೇಲಕ್ಕೆ ಎಳೆದರೆ ಸುಮಾರು 10 ಮಿ.ಮೀ. ಉಳಿಯುತ್ತದೆ. ಕಷ್ಟವಿರುವುದು ಮಗಳ ಗುಂಗುರು ಕೂದಲಿನಲ್ಲಿ. ಹೋದ ಸಲ ಒದ್ದೆಯಿದ್ದಾಗ ಭುಜದ ಮಟ್ಟಕ್ಕೆ ಕತ್ತರಿಸಿದೆ. ಒಣಗಿದ ಮೇಲೆ ಸುರುಳಿ ಸುತ್ತಿಕೊಂಡು ಕಿವಿಯ ಹತ್ತಿರಕ್ಕೆ ಏರಿತು, ಎಡಗಡೆ ಇನ್ನೂ ಗಿಡ್ಡ. ಅವಳು ಏನೂ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು ಆ ಎಡಗಡೆಯ ಸುರುಳಿಯನ್ನು ಬೆರಳಿನಿಂದ ಎಳೆದು ಎಳೆದು ಬಿಡುತ್ತಿದ್ದಳು. ಆ ದೃಶ್ಯ ನನ್ನ ಕಣ್ಣಿನಿಂದ ಮರೆಯಾಗುತ್ತಿಲ್ಲ. ಕೂದಲು ತಿಂಗಳಿಗೆ ಬೆಳೆಯುವುದೇ ಸುಮಾರು 1 ಸೆಂ.ಮೀ.; ಇನ್ನೊಮ್ಮೆ ತಪ್ಪಿದರೆ ಅವಳು ತಿಂಗಳುಗಟ್ಟಲೆ ಕಾಯಬೇಕು. ಒಣಗಿದ್ದಾಗಲೇ ಒಂದೊಂದೇ ಸುರುಳಿ ಹಿಡಿದು ಕತ್ತರಿಸುವವರು ಇಲ್ಲಿದ್ದರೆ, ಎರಡೂ ಬದಿಯನ್ನು ಹೇಗೆ ಸಮ ಮಾಡುತ್ತೀರಿ ಎಂದು ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ ಹಿತ್ತಲಿನ ಸೀಬೆ ಮರದ್ದು. ಹೊಸ ಚಿಗುರಿನಲ್ಲಿ ಕಾಯಿ ಬಿಡುವ ಮರ, ಆದ್ದರಿಂದ ಸಣ್ಣ ರೆಂಬೆ ಸವರಲು ಅಂಜಿಕೆಯಿಲ್ಲ. ಆದರೆ ತೋಳಿನಷ್ಟು ದಪ್ಪದ ಕೊಂಬೆಯೊಂದು ಸೂರಿಗೆ ಉಜ್ಜುತ್ತಿದೆ. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ತುಸು ಆಚೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳುವುದಿಲ್ಲ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿನ ಹೊರಗೆ ತೆಗೆಯಬೇಕು. ಇಷ್ಟು ಗೊತ್ತು. ನಮ್ಮ ಮರದಲ್ಲಿ ಆ ಉಬ್ಬೇ ಸ್ಪಷ್ಟವಾಗಿ ಕಾಣುತ್ತಿಲ್ಲ. ಗರಗಸವನ್ನು ಎಲ್ಲಿ ಇಡಲಿ, ಯಾವ ಓರೆಯಲ್ಲಿ? ಕೊಯ್ದು ಅನುಭವವಿರುವವರು ಹೇಳಿ. ಕೊಂಬೆ ಬುಡದ ಫೋಟೊ ಬೇಕಿದ್ದರೆ ಹಾಕುತ್ತೇನೆ.